ಮನೆ ಮುಂದಿನ ರಸ್ತೆ ಹಿಡಿದು ಲಡಾಖ್‌ಗೆ: 63 ವರ್ಷದ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಬಾಗೇಪಲ್ಲಿಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಾಗೇಪಲ್ಲಿಯಲ್ಲಿ, ಹೈವೇಗೆ ಕೂಗಳತೆ ದೂರ. ಅಪ್ಪ ಬಸ್ ಡ್ರೈವರ್ ಆಗಿದ್ದವರು. ಸರ್ವಿಸ್‌ನ ಮುಕ್ಕಾಲು ಪಾಲು ಇದೇ ರಸ್ತೆಯಲ್ಲಿ ಕಳೆಯಿತು. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹೆಚ್ಚೆಂದರೆ ಹೈದರಾಬಾದ್. ರಸ್ತೆಗೆ 44 ಅಂತ ಹೊಸ ನಂಬರ್ ಬಂದು ಎಷ್ಟೋ ವರ್ಷವಾಯಿತು. ಅವರ ಬಾಯಲ್ಲಿ ಈಗಲೂ ಅದು ಎನ್‌ಎಚ್ ಸೆವೆನ್ನೇ.

ಹೋದ ತಿಂಗಳು ಮಗಳು ಪಾಠ ಓದುತ್ತಾ, ಈ ರಸ್ತೆ ಶ್ರೀನಗರದಿಂದ ಕನ್ಯಾಕುಮಾರಿಗೆ 3,700 ಕಿ.ಮೀ.ಗಿಂತ ಜಾಸ್ತಿ ಉದ್ದ ಇದೆ ಅಂದಳು. ಅಪ್ಪ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಹಾಕಿ, "ಅಂದ್ರೆ ನಮ್ಮ ಗೇಟಿಂದ ಎಡಕ್ಕೆ ತಿರುಗಿ ನೆಟ್ಟಗೆ ಹೋಗ್ತಾ ಇದ್ರೆ ಕಾಶ್ಮೀರನಾ?" ಅಂತ ಕೇಳಿದರು. ಅವತ್ತಿನಿಂದ ಮನೆಯಲ್ಲಿ ಇದೇ ಮಾತು.

ನನಗೆ ಜೂನ್ ಕೊನೆಯಿಂದ 24 ದಿನ ರಜೆ ಸಿಗುತ್ತದೆ. ಗಾಡಿ 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅಪ್ಪನಿಗೆ 63. ಬಿಪಿಗೆ ಒಂದು ಮಾತ್ರೆ ಇದೆ, ಶುಗರ್ ಇಲ್ಲ. ಅಮ್ಮ ಬರುವುದಿಲ್ಲವಂತೆ, ಗೌರಿಬಿದನೂರಿನ ಅಕ್ಕನ ಮನೆಯಲ್ಲಿ ಆರಾಮಾಗಿ ಇರುತ್ತೇನೆ ಅಂದುಬಿಟ್ಟಿದ್ದಾರೆ. ಶ್ರೀನಗರದಿಂದ ಲೇಹ್ ಕಡೆ ಹೋಗಿ ಬೆಟ್ಟ, ಮರಳು, ದಾರಿಯ ಸಣ್ಣಪುಟ್ಟ ಊರು ನೋಡುವ ಆಸೆ. ಸ್ನೇಹಿತರು "ಸುಮ್ನೆ ಲೇಹ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿ ಟ್ಯಾಕ್ಸಿ ಮಾಡ್ಕೊಳ್ಳಿ" ಅನ್ನುತ್ತಿದ್ದಾರೆ. ಹೋಗಿ ಬಂದವರು ಹೇಳಿ. ಯಾವ ಕಡೆಯಿಂದ ಹತ್ತಬೇಕು, ರಾತ್ರಿ ಎಲ್ಲಿ ತಂಗಬೇಕು, ಅಪ್ಪನಿಗೆ ಆಗುತ್ತದಾ?

ಟೊಮೆಟೊ ಲೋಡ್, ಕೋಲಾರ

ಅಣ್ಣಾ, ಲಡಾಖ್ ನನಗೆ ಗೊತ್ತಿಲ್ಲ. ದಿಲ್ಲಿಯವರೆಗೆ ಗೊತ್ತು. ಕೋಲಾರ ಮಾರ್ಕೆಟ್‌ನಿಂದ ಆಜಾದ್‌ಪುರ ಮಂಡಿಗೆ ಲಾರಿ ಓಡಿಸಿದ್ದೇನೆ. ಲೋಡ್ ಇರುವಾಗ ಕಣ್ಣು ಗಡಿಯಾರದ ಮೇಲೆ, ಹಣ್ಣು ಕಾಯುವುದಿಲ್ಲವಲ್ಲ. ಊರುಗಳನ್ನು ನೋಡಿದ್ದೆಲ್ಲ ವಾಪಸ್ ಬರುವಾಗ.

ಬಾಗೇಪಲ್ಲಿಯಿಂದ ನಾಗ್ಪುರ ಸಾವಿರ ಕಿ.ಮೀ. ಹತ್ತಿರ. ಒಂದೇ ದಿನದಲ್ಲಿ ಎಳೆಯಬೇಡಿ, ಹೈದರಾಬಾದ್ ದಾಟಿ ಮಲಗಿ. ನಾಗ್ಪುರ ಬಿಟ್ಟು ಸಿವನಿ ಕಡೆ ಹೋಗುವಾಗ ಪೆಂಚ್ ಕಾಡು ಬರುತ್ತದೆ. ಅಲ್ಲಿ ರಸ್ತೆಯನ್ನೇ ಎತ್ತರಿಸಿ ಕಂಬದ ಮೇಲೆ ನಿಲ್ಲಿಸಿದ್ದಾರೆ, ಹುಲಿ ಜಿಂಕೆ ಕೆಳಗಿನಿಂದ ದಾಟಲಿ ಅಂತ. ನಾವು ಮೇಲೆ, ಅವು ಕೆಳಗೆ. ಗ್ವಾಲಿಯರ್ ಆದ ಮೇಲೆ ಮೊರೆನಾ ದಾಟಿ ಧೋಲ್‌ಪುರ ಹತ್ತಿರ ಚಂಬಲ್ ನದಿ. ಅಕ್ಕಪಕ್ಕ ಮಣ್ಣು ಕೊರೆದು ಕೊರೆದು ಕಂದಕ, ದಿಬ್ಬ, ಮತ್ತೆ ಕಂದಕ. ಸಂಜೆ ಬಿಸಿಲಲ್ಲಿ ನೋಡಬೇಕು. ಮೊರೆನಾದಲ್ಲಿ ಗಜಕ್ ಕೊಂಡುಕೊಳ್ಳಿ, ಎಳ್ಳಿನದು.

ಜೂನ್‌ನಲ್ಲಿ ಝಾನ್ಸಿ ಗ್ವಾಲಿಯರ್ ಕಡೆ 45 ಡಿಗ್ರಿ ಅಂದರೆ ಮಾಮೂಲು. ಬೆಳಗ್ಗೆ 4ಕ್ಕೆ ಹೊರಡಿ, ಮಧ್ಯಾಹ್ನ 12ಕ್ಕೆ ರೂಮ್ ಹಿಡಿಯಿರಿ. ನಿಮ್ಮ ತಂದೆಯವರಿಗೆ ಇದೆಲ್ಲ ನಾನು ಹೇಳಬೇಕಾಗಿಲ್ಲ ಬಿಡಿ. ನಿಮಗೆ ಹೇಳುತ್ತಿದ್ದೇನೆ.

ನೀರುಗಂಟಿ ಮೊಮ್ಮಗ, ಶಿಡ್ಲಘಟ್ಟ

ಕರೆದುಕೊಂಡು ಹೋಗಿ. ಆದರೆ ಹತ್ತುವುದು ಶ್ರೀನಗರದ ಕಡೆಯಿಂದಲೇ ಆಗಬೇಕು. ಮನಾಲಿ ಕಡೆಯಿಂದ ಬೇಡ. ಆ ದಾರಿಯ ಕಥೆ ಕೊನೆಗೆ ಹೇಳುತ್ತೇನೆ.

ನಾವು 2023ರ ಜೂನ್ ಕೊನೆಯಲ್ಲಿ ಹೋಗಿದ್ದೆವು. ನಾನು, ಹೆಂಡತಿ, ಭಾವಮೈದ. ನನ್ನದು ಸಣ್ಣ ರೇಷ್ಮೆ ರೀಲಿಂಗ್ ಯೂನಿಟ್, ವಾರಗಟ್ಟಲೆ ಬಾಗಿಲು ಹಾಕುವ ಕಸುಬಲ್ಲ. ಆ ಸಲ ಬಾಯ್ಲರ್ ರಿಪೇರಿಗೆ ಬಂತು, ಅದನ್ನೇ ನೆಪ ಮಾಡಿಕೊಂಡು ಹೊರಟೆವು.

ಶ್ರೀನಗರದಿಂದ ಲೇಹ್ 420 ಕಿ.ಮೀ. ಹತ್ತಿರ. ಎರಡು ದಿನದಲ್ಲಿ ಮುಗಿಸುವವರೇ ಜಾಸ್ತಿ. ನೀವು ನಾಲ್ಕು ದಿನ ಇಟ್ಟುಕೊಳ್ಳಿ. ನಿಮಗೆ ಬೇಕಾದ ಸಣ್ಣ ಊರೆಲ್ಲ ಇರುವುದು ಇಲ್ಲೇ. ಇನ್ನೊಂದು, ಇಲ್ಲಿ ಎತ್ತರ ಮೆಲ್ಲಗೆ ಏರುತ್ತದೆ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700, ಲಾಮಾಯೂರು 3,500, ಲೇಹ್ ಕೂಡ 3,500. ಮೈ ಒಗ್ಗಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ಸೋನಾಮಾರ್ಗ್‌ವರೆಗೆ ಎಲ್ಲ ಹಸಿರು. ನಾವು ಹೋದಾಗ ಇರಲಿಲ್ಲ, ಈಗ ಅಲ್ಲಿಗೆ ಆರೂವರೆ ಕಿ.ಮೀ. ಸುರಂಗ ಆಗಿದೆ, 2025ರ ಜನವರಿಯಲ್ಲಿ ತೆರೆದರು. ಆಮೇಲೆ ಜೋಜಿ ಲಾ. ಲಾ ಅಂದರೆ ಕಣಿವೆ ದಾರಿ. 3,528 ಮೀಟರ್. ಮಣ್ಣು ರಸ್ತೆ, ಒಂದು ಕಡೆ ಪ್ರಪಾತ. ಎಷ್ಟೋ ದಿನ ಗಾಡಿಗಳನ್ನು ಒಂದು ಹೊತ್ತು ಆ ಕಡೆಗೆ, ಒಂದು ಹೊತ್ತು ಈ ಕಡೆಗೆ ಬಿಡುತ್ತಾರೆ. ಹಿಂದಿನ ದಿನವೇ ಟ್ರಾಫಿಕ್ ಪೊಲೀಸರನ್ನು ಕೇಳಿಕೊಳ್ಳಿ. ಆ ಏರು ದಾಟಿ ಅರ್ಧ ಗಂಟೆ ಹೋಗಿ, ಹಿಂದೆ ತಿರುಗಿ ನೋಡಿ. ಒಂದು ಮರ ಇರುವುದಿಲ್ಲ. ಸಕಲೇಶಪುರದಲ್ಲಿ ಮಳೆ ಸುರಿದು ಪಾವಗಡಕ್ಕೆ ಬರುವಷ್ಟರಲ್ಲಿ ಮೋಡ ಖಾಲಿಯಾಗುವುದಿಲ್ಲವಾ, ಅದೇ ಲೆಕ್ಕ. ನಮ್ಮಲ್ಲಿ ಅದಕ್ಕೆ ಇನ್ನೂರು ಮುನ್ನೂರು ಕಿ.ಮೀ. ಬೇಕು. ಅಲ್ಲಿ ಒಂದು ಬೆಟ್ಟ ಸಾಕು.

ದ್ರಾಸ್‌ನಲ್ಲಿ 1999ರ ಯುದ್ಧದ ಸ್ಮಾರಕ ಇದೆ. ತೊಲೊಲಿಂಗ್ ಬೆಟ್ಟ ಅದರ ಬೆನ್ನಿಗೇ ನಿಂತಿದೆ. ಗೋಡೆಯ ಮೇಲಿನ ಹೆಸರು ಓದುತ್ತಾ ಹೋದರೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ.

ಕಾರ್ಗಿಲ್‌ನಲ್ಲಿ ಎಲ್ಲರೂ ರಾತ್ರಿ ಮಲಗಿ ಬೆಳಗ್ಗೆ ಎದ್ದು ಹೋಗುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಬೆಳಗ್ಗೆ ನೋಡಿದರೆ ಹಿಂದಿನ ಟೈರ್ ನೆಲಕ್ಕೆ ಕೂತಿದೆ. ಪಂಕ್ಚರ್ ಅಂಗಡಿಯವರು ವಯಸ್ಸಾದವರು. ಟ್ಯೂಬ್‌ಲೆಸ್ ಟೈರನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಾ, ಗುಳ್ಳೆ ಬರುವವರೆಗೆ ಮಾತೇ ಆಡಲಿಲ್ಲ. ಕೆಲಸ ಮುಗಿಸಿ, ಜೇಬಿನಿಂದ ಒಣ ಜರದಾಳು ಹಣ್ಣು ತೆಗೆದು ನಮಗೆ ಕೊಟ್ಟರು. ನಾವು ತಿಂದು ಬೀಜ ಎಸೆಯಲು ಹೋದರೆ ತಡೆದರು. ಆ ಬೀಜಗಳನ್ನು ಕಬ್ಬಿಣದ ರಿಮ್ ಮೇಲಿಟ್ಟು ಸ್ಪ್ಯಾನರ್‌ನಿಂದ ಟಕ್ ಟಕ್ ಅಂತ ಒಡೆದರು. ಒಳಗೆ ಬಾದಾಮಿ ಥರ ತಿರುಳು. ಮೊದಲು ತಾವು ತುದಿ ಕಚ್ಚಿ ನೋಡಿ, ಕಹಿ ಇದ್ದದ್ದನ್ನು ಉಗಿದು, ಸಿಹಿಯದನ್ನು ನನ್ನ ಹೆಂಡತಿಯ ಕೈಗೆ ಹಾಕಿದರು. ಅವಳು ಅವತ್ತು ಹೊರಡುವುದೇ ಬೇಡ ಅಂದಳು. ಇನ್ನೊಂದು ರಾತ್ರಿ ಉಳಿದೆವು. ಸೂರು ನದಿ ಊರಿನ ಮಧ್ಯೆ ರಾತ್ರಿಯೆಲ್ಲ ಭೋರ್ಗರೆಯುತ್ತದೆ. ಬೆಳಗ್ಗೆ ತಂದೂರ್ ಅಂಗಡಿ ಮುಂದೆ ರೊಟ್ಟಿಗೆ ಸಾಲು. ಅಪ್ಪನ ಜೊತೆ ಇಲ್ಲಿ ಎರಡು ರಾತ್ರಿ ಇರಿ, ಪಂಕ್ಚರ್ ಆಗದಿದ್ದರೂ.

ಮುಂದೆ ಮುಲ್ಬೇಕ್. ರಸ್ತೆ ಪಕ್ಕದ ಒಂಟಿ ಬಂಡೆಯಲ್ಲಿ ಮೈತ್ರೇಯ ಬುದ್ಧನನ್ನು ಕೆತ್ತಿದ್ದಾರೆ, ಒಂಬತ್ತು ಮೀಟರ್ ಇರಬಹುದು. ಎದುರಿಗೇ ಟೀ ಅಂಗಡಿ. ಕಾರ್ಗಿಲ್‌ನಲ್ಲಿ ಸಲಾಂ ಹೇಳಿದವರು ಇಲ್ಲಿಂದ ಮುಂದೆ ಜೂಲೇ ಅನ್ನಲು ಶುರು ಮಾಡಿ. ನಮಸ್ಕಾರ, ಥ್ಯಾಂಕ್ಸ್, ಹೋಗಿ ಬರುತ್ತೇನೆ, ಎಲ್ಲಕ್ಕೂ ಅದೊಂದೇ ಪದ. ಆಮೇಲೆ ನಮಿಕಾ ಲಾ, ಅದಾದ ಮೇಲೆ 4,108 ಮೀಟರಿನ ಫೋಟು ಲಾ. ಈ ದಾರಿಯ ತುತ್ತತುದಿ ಅದೇ, ಜೋಜಿ ಲಾ ಅಲ್ಲ. ಇಳಿದರೆ ಲಾಮಾಯೂರು. ಊರಿನ ಪಕ್ಕ ಹಳದಿ ಮಣ್ಣಿನ ಗುಡ್ಡಗಳು, ಹಿಟ್ಟು ಕಲಸಿ ಬೆರಳಿಂದ ಗೀರಿದ ಹಾಗೆ. ಒಂದು ಕಾಲಕ್ಕೆ ಅಲ್ಲಿ ಕೆರೆ ಇತ್ತು, ಅದರ ತಳದ ಹೂಳು ಅದು. ಕೆರೆ ಹೂಳನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಅಂದರೆ ನಮ್ಮ ಗುಡಿಬಂಡೆಯವರು ನಂಬುವುದಿಲ್ಲ.

ಈಗ ನನ್ನ ಹೆಸರಿನ ವಿಷಯ. ನಮ್ಮ ತಾತ ಗುಡಿಬಂಡೆ ಹತ್ತಿರದ ಒಂದು ಹಳ್ಳಿಯ ನೀರುಗಂಟಿ. ಕೆರೆ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ತರುವುದು. ನಾವು ಲಾಮಾಯೂರು ದಾಟಿ ಆಲ್ಚಿ ಅನ್ನುವ ಊರಿನ ಒಂದು ಮನೆಯಲ್ಲಿ ತಂಗಿದ್ದೆವು. ಸಾವಿರ ವರ್ಷದಷ್ಟು ಹಳೆಯ ದೇವಾಲಯ, ಒಳಗಿನ ಚಿತ್ರಗಳು ಎಲ್ಲ ಇದೆ, ಅವನ್ನು ನೀವೇ ನೋಡಿಕೊಳ್ಳುತ್ತೀರಿ. ನನಗೆ ನೆನಪಿರುವುದು ಸಂಜೆ ಮನೆ ಹಿಂದೆ ಕಂಡದ್ದು. ಒಬ್ಬ ಮನುಷ್ಯ ಸಲಿಕೆ ಹಿಡಿದು ಕಾಲುವೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಎರಡು ಕಲ್ಲು, ಒಂದು ಹರಿದ ಬಟ್ಟೆ, ಬೇರು ಸಮೇತ ಕಿತ್ತ ಹುಲ್ಲಿನ ಹೆಂಟೆ. ಅಷ್ಟರಲ್ಲೇ ನೀರು ತಿರುಗಿಸಿದ. ನೀರು ಬಾರ್ಲಿ ಹೊಲಕ್ಕೆ ನುಗ್ಗಿತು. ಪಕ್ಕದ ಹೊಲದವರು ತಮ್ಮ ಸರದಿಗೆ ಕಾಯುತ್ತಾ ಗೋಡೆ ಮೇಲೆ ಕೂತು ಬೈಯುತ್ತಿದ್ದರು. ಭಾಷೆ ಬರದಿದ್ದರೂ ಬೈಗುಳ ಅಂತ ಗೊತ್ತಾಯಿತು, ತಾತನಿಗೂ ಹಾಗೇ ಬೈಯುತ್ತಿದ್ದರು. ಮನೆಯವರನ್ನು ಕೇಳಿದರೆ ಅವನು ಊರಿನ ಚುರ್ಪೋನ್, ನೀರು ಹಂಚುವವನು ಅಂದರು. ನಮ್ಮ ನೀರುಗಂಟಿ ಕೆಲಸ ತಾತನ ಕಾಲಕ್ಕೇ ಮುಗಿಯಿತು. ಅಲ್ಲಿ ಇನ್ನೂ ಇದೆ.

ಇದರಲ್ಲಿ ನಿಮಗೆ ಬೇಕಾದ ಮಾತೂ ಒಂದಿದೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಆಸುಪಾಸು. ಬೆಳೆಗೆ ಹಿಮ ಕರಗಿದ ನೀರೇ ಗತಿ. ಬಿಸಿಲೇರಿದಂತೆ ಹಿಮ ಕರಗಿ ತೊರೆ ತುಂಬುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಮಧ್ಯಾಹ್ನ ಮೂರಕ್ಕೆ ಮೊಣಕಾಲು ದಾಟುತ್ತದೆ. ರಸ್ತೆಗೆ ಅಡ್ಡ ಹರಿಯುವ ಇಂಥ ನಾಲಾಗಳನ್ನು ಬೆಳಗ್ಗೆಯೇ ದಾಟಿಬಿಡಿ. ನಿಮ್ಮದು ಸಣ್ಣ ಗಾಡಿ.

ಲೇಹ್ ಬಗ್ಗೆ ನಾನು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಖರ್ದುಂಗ್ ಲಾ ಬೋರ್ಡಿನಲ್ಲಿ ಬಹಳ ಕಾಲ 18,380 ಅಡಿ ಅಂತ ಇತ್ತು, ನಿಜವಾದ ಎತ್ತರ 5,359 ಮೀಟರ್, ಅಂದರೆ ಹದಿನೇಳೂವರೆ ಸಾವಿರ ಅಡಿ ಚಿಲ್ಲರೆ. ಫೋಟೊ ತೆಗೆದು ಹತ್ತು ನಿಮಿಷಕ್ಕೆ ಇಳಿಯಿರಿ. ಆ ಕಡೆ ನುಬ್ರಾ ಕಣಿವೆ. ನಿಮ್ಮ ಮರಳು ಹುಂಡರ್‌ನಲ್ಲಿ ಸಿಗುತ್ತದೆ. ಮರಳ ದಿಬ್ಬ, ಅದರ ಹಿಂದೆ ಹಿಮದ ಬೆಟ್ಟ, ಮಧ್ಯೆ ಎರಡು ಡುಬ್ಬದ ಒಂಟೆ. ರೇಷ್ಮೆ ದಾರಿಯಲ್ಲಿ ಯಾರ್ಕಂದ್ ಕಡೆಯಿಂದ ಸರಕು ಹೊತ್ತು ಬರುತ್ತಿದ್ದ ಒಂಟೆಗಳ ಸಂತತಿಯಂತೆ. ಶಿಡ್ಲಘಟ್ಟದವನು ಅಂತ ಒಂದು ಸಲ ಕೈ ಮುಗಿದು ಬಂದೆ. ಹತ್ತಲಿಲ್ಲ.

ಪ್ಯಾಂಗಾಂಗ್ ಸರೋವರ ಫೋಟೊದಲ್ಲಿ ಇದ್ದ ಹಾಗೇ ಇದೆ, ಅಷ್ಟೇ. ಅದರ ಬದಲು ತುರ್ತುಕ್‌ಗೆ ಹೋಗಿ. 1971ರವರೆಗೆ ಪಾಕಿಸ್ತಾನದ ಕೈಯಲ್ಲಿದ್ದ ಊರು. ಓಣಿ ಓಣಿಯಲ್ಲಿ ಕಾಲುವೆ, ಮನೆ ಮನೆ ಹಿತ್ತಲಲ್ಲಿ ಜರದಾಳು ಮರ. ಜುಲೈನಲ್ಲಿ ಹಣ್ಣು ಬರುತ್ತದೆ.

ಇನ್ನು ಮನಾಲಿ ದಾರಿ. ಲೇಹ್‌ನಿಂದ ಇಳಿಯುವಾಗ ಒಂದೇ ದಿನದಲ್ಲಿ ಜಿಸ್ಪಾ ಸೇರೋಣ ಅಂತ ಹೊರಟೆವು. ಮೋರೆ ಬಯಲು ನೋಡಿ ನಿಂತುಬಿಟ್ಟೆವು. 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿ.ಮೀ. ಉದ್ದಕ್ಕೆ ಚಪ್ಪಟೆ ನೆಲ, ಅದರ ಮಧ್ಯೆ ನೆಟ್ಟಗಿನ ರಸ್ತೆ. ಅಲ್ಲಿ ಕಳೆದ ಹೊತ್ತು ಮುಂದೆ ಬಡ್ಡಿ ಸಮೇತ ಕೊಡಬೇಕಾಯಿತು. ಒಂದು ನಾಲಾಗೆ ಬಂದಾಗ ಮೂರೂವರೆ. ನೀರು ಇಳಿಯುವವರೆಗೆ ಕಾದು, ಕತ್ತಲಾಗಿ, ಸರ್ಚುವಿನ ಟೆಂಟ್‌ನಲ್ಲಿ ಮಲಗಿದೆವು. 4,300 ಮೀಟರ್ ಹತ್ತಿರ. ಹತ್ತು ದಿನ ಲಡಾಖ್‌ನಲ್ಲೇ ಇದ್ದ ಭಾವಮೈದನಿಗೂ ಆ ರಾತ್ರಿ ತಲೆ ಸಿಡಿದು ಎರಡು ಸಲ ವಾಂತಿ ಆಯಿತು. ಬೆಳಗ್ಗೆ ಜಿಸ್ಪಾಗೆ ಇಳಿದ ಮೇಲೆ ಏನೂ ಆಗದವನ ಹಾಗೆ ಎರಡು ಪರಾಠ ತಿಂದ. ಮನಾಲಿಯಿಂದ ಹತ್ತುವವರು ಎರಡನೇ ರಾತ್ರಿಯೇ ಆ ಎತ್ತರದಲ್ಲಿ ಮಲಗುತ್ತಾರೆ. ಅದಕ್ಕೇ ಬೇಡ ಅಂದಿದ್ದು. ಇಳಿಯಲು ಯಾವ ದಾರಿ ಅಂತ ಲೇಹ್‌ನಲ್ಲಿ ಅಪ್ಪನ ಉಸಿರಾಟ ನೋಡಿ ತೀರ್ಮಾನಿಸಿ. ಮನಾಲಿ ಕಡೆಯಾದರೆ ಲೇಹ್ ಹತ್ತಿರದ ಕಾರುವಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಟಾಂಡಿಯವರೆಗೆ 365 ಕಿ.ಮೀ. ಬಂಕ್ ನಂಬಬೇಡಿ.

ಮರೆತಿದ್ದೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ.

ನೈಟ್ ಡ್ಯೂಟಿ, ತುಮಕೂರು

ನಾನು ನರ್ಸ್. ಆದರೂ 2022ರಲ್ಲಿ ವಿಮಾನದಲ್ಲಿ ಲೇಹ್‌ಗೆ ಇಳಿದು, ಅವತ್ತೇ ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದ ಬುದ್ಧಿವಂತೆ. ಅರ್ಧಕ್ಕೇ ಕೂತು ವಾಂತಿ ಮಾಡಿದೆ. ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ. ಹಾಗಾಗಿ ಮೇಲಿನ ಸರ್ ಹೇಳಿದ್ದು ಸರಿ, ರಸ್ತೆಯಲ್ಲಿ ಮೆಲ್ಲಗೆ ಹತ್ತುವುದೇ ವಾಸಿ.

ನಿಮ್ಮ ತಂದೆಯನ್ನು ಹೊರಡುವ ಒಂದು ತಿಂಗಳ ಮುಂಚೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇಸಿಜಿ ಮಾಡಿಸಿ. ಬಿಪಿ ಮಾತ್ರೆಯನ್ನು ದಾರಿಯಲ್ಲಿ ನಿಲ್ಲಿಸಬಾರದು. ಎತ್ತರಕ್ಕೆ ಅಸೆಟಜೋಲಮೈಡ್ ಅಂತ ಮಾತ್ರೆ ಕೊಡುತ್ತಾರೆ. ಅದನ್ನು ಅಂಗಡಿಯಲ್ಲಿ ನೀವೇ ಕೇಳಿ ತೆಗೆದುಕೊಳ್ಳಬೇಡಿ. ಸಲ್ಫಾ ಮಾತ್ರೆಗೆ ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಲೇಹ್ ತಲುಪಿದ ಮೇಲೂ ಒಂದು ದಿನ ಸುಮ್ಮನೆ ಮಲಗಲಿ. ಗುಂಡು ಹಾಕುವ ಅಭ್ಯಾಸ ಇದ್ದರೆ ಆ ಹತ್ತು ದಿನ ಬೇಡ.

ತಲೆನೋವು ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಹೆಚ್ಚುತ್ತಿದ್ದರೆ ಅವತ್ತು ಇನ್ನೂ ಮೇಲಕ್ಕೆ ಹೋಗಬೇಡಿ. ಕೂತಲ್ಲೇ ಏದುಸಿರು, ನೆಟ್ಟಗೆ ನಡೆಯಲು ಆಗದೆ ತೂರಾಡುವುದು, ಮಾತು ತಡವರಿಸುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಕೆಳಗೆ ಇಳಿಸಿ, ಆಸ್ಪತ್ರೆಗೆ ತೋರಿಸಿ. ಹಳೇ ಡ್ರೈವರ್‌ಗಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ವಾರ್ಡ್‌ನಲ್ಲಿ ನೋಡಿದ್ದೇನೆ. ನೀವೇ ಕೇಳುತ್ತಿರಬೇಕು.

ಬಿಸಿಲುಗಾರ, ಪಾವಗಡ

ಮರುಭೂಮಿ ನೋಡಲು ಅಷ್ಟು ದೂರ ಯಾಕೆ ಸ್ವಾಮಿ? ಏಪ್ರಿಲ್‌ನಲ್ಲಿ ನಮ್ಮ ತಿರುಮಣಿಗೆ ಬನ್ನಿ. 13,000 ಎಕರೆ ಸೋಲಾರ್ ಪ್ಯಾನಲ್, 2,050 ಮೆಗಾವ್ಯಾಟ್. ನಮ್ಮದೂ ಎರಡು ಎಕರೆ ಅದರೊಳಗಿದೆ. ಕಡಲೆಕಾಯಿ ಹಾಕಿ ಮೋಡ ನೋಡುತ್ತಿದ್ದ ಜಾಗ. ಈಗ ಮೋಡ ಬಂದರೆ ಕಂಪನಿಯವರಿಗೆ ಬೇಜಾರು. ಗುತ್ತಿಗೆ ಶುರುವಾದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟರು. ಮಳೆ ಯಾವತ್ತೂ ಅಷ್ಟು ಕೊಟ್ಟಿರಲಿಲ್ಲ.

ತಮಾಷೆ ಸಾಕು. ಹೋಗುವ ಮುಂಚೆ ಗಾಡಿಯನ್ನು ನಂದಿ ಬೆಟ್ಟಕ್ಕೆ ನಾಲ್ಕು ಜನ ಕೂರಿಸಿಕೊಂಡು ಹತ್ತಿಸಿ, ಎರಡನೇ ಗೇರ್‌ನಲ್ಲಿ ಇಳಿಸಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಪ್ಯಾಡ್ ಬದಲಾಯಿಸಿಕೊಂಡು ಹೊರಡಿ.

ನೀರುಗಂಟಿ ಅವರೇ, ಹಾನ್ಲೆಗೆ ಹೋಗಿದ್ರಾ? ಅಲ್ಲಿ ನಕ್ಷತ್ರ ನೋಡಲು ಜನ ಹೋಗುತ್ತಾರೆ ಅಂತ ಕೇಳಿದ್ದೆ.

ನೀರುಗಂಟಿ ಮೊಮ್ಮಗ, ಶಿಡ್ಲಘಟ್ಟ

ಇಲ್ಲ ಸರ್. ಹಾನ್ಲೆ 4,500 ಮೀಟರ್, ಅಲ್ಲೇ ರಾತ್ರಿ ತಂಗಬೇಕು. ಹೆಂಡತಿ ಬೇಡ ಅಂದಳು. ಬಾಗೇಪಲ್ಲಿಯವರೂ ಈ ಸಲ ಬಿಡುವುದು ಒಳ್ಳೆಯದು. ಊರಿನ ದೀಪಗಳ ಬೆಳಕು ಆಕಾಶಕ್ಕೆ ತಾಗದ ಹಾಗೆ 2022ರಲ್ಲಿ ಆ ಜಾಗವನ್ನು ಕಾಪಿಟ್ಟಿದ್ದಾರೆ.

ಆದರೆ ಒಂದು ಮಜಾ ಕೇಳಿ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಓಡಿಸುವುದು ನಮ್ಮ ಹೊಸಕೋಟೆಯಿಂದ. ಉಪಗ್ರಹದ ಮೂಲಕ. ಖಗೋಳ ಸಂಸ್ಥೆಯ ಆ ಕ್ಯಾಂಪಸ್ ಇರುವುದು ಶಿಡ್ಲಘಟ್ಟ ರಸ್ತೆಯಲ್ಲೇ. ಬೆಂಗಳೂರಿಗೆ ಹೋಗಿ ಬರುವಾಗ ಎಷ್ಟೋ ರಾತ್ರಿ ಅದರ ಗೇಟು ದಾಟಿದ್ದೇನೆ. ಒಳಗೆ ಯಾರೋ ಕೂತು ಲಡಾಖ್ ಆಕಾಶ ನೋಡುತ್ತಿದ್ದರು ಅಂತ ಗೊತ್ತಾಗಿದ್ದು ಹೋಗಿ ಬಂದ ಮೇಲೆ.

ಬಾಗೇಪಲ್ಲಿಯವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಶ್ರೀನಗರದವರೆಗೆ ಏಳು ದಿನ, ಬೆಳಗಿನ ಹೊತ್ತು ಮಾತ್ರ ಓಡಿಸುವುದು. ಸೋನಾಮಾರ್ಗ್ ಒಂದು ರಾತ್ರಿ, ಕಾರ್ಗಿಲ್ ಎರಡು, ಲಾಮಾಯೂರು ಇಲ್ಲವೇ ಆಲ್ಚಿ ಒಂದು. ಲೇಹ್‌ನಲ್ಲಿ ಎರಡು ದಿನ ಏನೂ ಮಾಡದೆ ಇರುವುದು. ಆಮೇಲೆ ನುಬ್ರಾ, ತುರ್ತುಕ್. ಪ್ಯಾಂಗಾಂಗ್ ಬಿಟ್ಟೆವು, ಹಾನ್ಲೆ ಬಿಟ್ಟೆವು. ವಾಪಸ್ ಬಂದ ದಾರಿಯಲ್ಲೇ. ಮನಾಲಿ ದಾರಿ ಅಂದಾಗ ನನಗೆ ಆಸೆಯಾಯಿತು, ಅಪ್ಪ "ಹೋದ ರೂಟಲ್ಲೇ ಬರೋದು ನಮ್ಮ ಅಭ್ಯಾಸ" ಅಂದರು. ಮುಂದಿನ ಮಂಗಳವಾರ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ್ ಹತ್ತಿರ ಟೈಮ್ ತೆಗೆದುಕೊಂಡಿದ್ದೇನೆ. ನರ್ಸ್ ಮೇಡಂ, ನೀವು ಹಳೇ ಡ್ರೈವರ್‌ಗಳ ಬಗ್ಗೆ ಹೇಳಿದ್ದನ್ನು ಓದುವಾಗ ಅಪ್ಪ ಎದ್ದು ನೀರು ಕುಡಿಯಲು ಹೋದರು.

ಜೋಜಿ ಲಾ ವಿಡಿಯೊ ತೋರಿಸಿದೆ. ಪ್ರಪಾತ, ಕೆಸರು, ಎದುರಿಗೆ ಲಾರಿ. ನನಗೇ ಕೈ ಬೆವರಿತು. ಅಪ್ಪ ಎರಡು ಸಲ ನೋಡಿ, "ಹತ್ತೋ ಗಾಡಿಗೆ ಇಳಿಯೋನು ದಾರಿ ಬಿಡಬೇಕು, ಆ ನನ್ಮಗ ಬಿಡ್ತಿಲ್ಲ ನೋಡು" ಅಂತ ಲಾರಿಯವನಿಗೆ ಬೈದರು. ಕೋಲಾರದ ಅಣ್ಣ ಬೇಜಾರು ಮಾಡ್ಕೋಬೇಡಿ.

ಇನ್ನೂ ಹೊರಡಲು ಏಳು ವಾರ ಇದೆ. ನಿನ್ನೆ ಸಂತೆಯಿಂದ ಒಂದು ಟರ್ಕಿ ಟವೆಲ್ ತಂದಿದ್ದಾರೆ, ಬಸ್ಸಿನಲ್ಲಿ ಸೀಟಿಗೆ ಹಾಸುತ್ತಿದ್ದರಲ್ಲ, ಅಂಥದ್ದು. ಬೆಳಗ್ಗೆ ಆಫೀಸಿಗೆ ಹೋಗಲು ಕಾರ್ ಬಾಗಿಲು ತೆಗೆದರೆ, ಅದು ಆಗಲೇ ಡ್ರೈವರ್ ಸೀಟಿನ ಮೇಲಿತ್ತು.